ಇಬ್ಬರಿಗೊಂದು ಜೋಡಿ ಗೆಜ್ಜೆ

ವಿದೇಶಿ ಪ್ರವಾಸಿಗರು ಬರುವ ಕಾಣಕೋಣದ ಬೀಚಿನಲ್ಲಿ ಅವ್ವ ಗೆಜ್ಜೆ ಮಾರುತ್ತಾಳೆ; ಪಕ್ಕದಲ್ಲಿ ನಾನು ಶಾಲು ಹರವಿಕೊಂಡು ಕೂರುತ್ತೇನೆ. ಪ್ರತಿ ಚಳಿಗಾಲ ರಷ್ಯಾದವಳೊಬ್ಬಳು, ಉಕ್ರೇನಿನವಳೊಬ್ಬಳು ಕೂಡಿಯೇ ಬಂದು, ಒಂದೇ ಜೋಡಿ ಗೆಜ್ಜೆ ಕೊಂಡು ಆಳಿಗೊಂದರಂತೆ ಕಟ್ಟಿಸಿಕೊಳ್ಳುತ್ತಿದ್ದರು. ಇಬ್ಬರ ಮಾತೂ ಒಂದೇ ಆಗಿದ್ದರಿಂದ ಅವ್ವ ಅವರನ್ನು ಅಕ್ಕತಂಗಿಯರೆಂದೇ ತಿಳಿದಿದ್ದಳು.

ಯುದ್ಧ ಶುರುವಾದ ಮೇಲೆ ಒಂದು ವರ್ಷ ಇಬ್ಬರೂ ಬರಲಿಲ್ಲ. ಮರುವರ್ಷ ಉಕ್ರೇನಿನವಳು ಒಬ್ಬಳೇ ಬಂದಳು. ಅವ್ವ ರೂಢಿಯಂತೆ ಬೆಲೆ ಹೇಳುವ ಮೊದಲೇ ಅವಳ ಕಾಲಿಗೆ ಒಂದು ಗೆಜ್ಜೆ ಕಟ್ಟಿದಳು. ಇನ್ನೊಂದನ್ನು ಕೈಗಿಟ್ಟು, ಬೀಚಿನಲ್ಲೇ ಕಲಿತ ಹರಕು ರಷ್ಯನ್‌ನಲ್ಲಿ, ಅಕ್ಕನಿಗೆ ಕೊಡು ಎಂದಳು.

"ಅವಳು ನನ್ನ ಅಕ್ಕ ಅಲ್ಲ. ಅವರು ನಮ್ಮ ಮನೆ ಕೆಡವಿದರು" ಎಂದಳು ಆಕೆ.

"ನನಗೆ ನೀವಿಬ್ಬರೂ ಬೇಕು" ಎಂದಳು ಅವ್ವ, ಅದೇ ಹರಕು ಭಾಷೆಯಲ್ಲಿ.

ಆಕೆ ಗೆಜ್ಜೆ ಬಿಚ್ಚಿ ಮರಳಿನ ಮೇಲಿಟ್ಟು ಎದ್ದು ಹೋದಳು. ನಾನು ಶಾಲು ಕೊಡವಿ ಮಡಚಿದೆ.

ಸಂಜೆ ಖೋಲಿಯ ಟಿವಿಯಲ್ಲಿ ನಮ್ಮ ಸರ್ಕಾರದ ದೊಡ್ಡ ಮನುಷ್ಯರೊಬ್ಬರು, ನಮಗೆ ರಷ್ಯಾ, ಉಕ್ರೇನ್ ಎರಡೂ ದೇಶಗಳ ಸ್ನೇಹ ಬೇಕು ಎನ್ನುತ್ತಿದ್ದರು. ಅವ್ವನಿಗೆ ಅದನ್ನು ಬಿಡಿಸಿ ಹೇಳಿದೆ.

ಅವ್ವ ರೊಟ್ಟಿ ತಟ್ಟುತ್ತಲೇ ಕೇಳಿದಳು: "ನಾನೂ ಅದನ್ನ ಹೇಳಿದ್ನಿ. ಇವನ ಮುಂದಿಂದ ಯಾರೂ ಎದ್ದು ಹೋಗಲಿಲ್ಲೇನು?"