ಹೊಸ ಬಟ್ಟೆ ಕೊಟ್ಟರೆ ಮನೆ ಬಿಡುವ ಕಿನ್ನರಿ

ಇಂಗ್ಲೆಂಡಿನ ಕಿನ್ನರಿಯರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಗಳ ಶಾಲೆಯಲ್ಲಿ ಕಥಾಸ್ಪರ್ಧೆ. ಹಳೇ ಇಂಗ್ಲೆಂಡಿನ ಕಿನ್ನರಿ, ಮಾಯಾಮಂತ್ರ ಇರುವ ಒಂದು ಸಣ್ಣ ಕಥೆ ಬರೆಯಬೇಕು; ಗೆದ್ದವರು ಅಸೆಂಬ್ಲಿಯಲ್ಲಿ ಮೈಕಿನ ಮುಂದೆ ಓದಬೇಕು. ಇವಳಿಗೆ ಆ ಮೈಕು ಬೇಕು. ಈ ಅರಬರ ಮರಳುನಾಡಿನಲ್ಲಿ, ಅಬು ಹಲೀಫಾದ ಫ್ಲ್ಯಾಟಿನ ಕಿಟಕಿಯಾಚೆ ಧೂಳು ಬಿಟ್ಟು ಬೇರೇನೂ ಕಾಣದ ಮಗು ಇಂಗ್ಲೆಂಡಿನ ಕಾಡನ್ನು ಎಲ್ಲಿಂದ ತರುವುದು? ಇರಲಿ, ನಾನಿದ್ದೇನಲ್ಲ. ಬೀಡಿ ಕಟ್ಟುವ ಮನೆಯಿಂದ ಎದ್ದು ಬಂದು, ನಮ್ಮ ಕುಟುಂಬಕ್ಕೇ ಮೊದಲ ಬಿ.ಎ. ಮಾಡಿದವಳು, ಅದೂ ಐಚ್ಛಿಕ ಇಂಗ್ಲಿಷ್. ಒಂದು ಕಿನ್ನರಿಗೆ ಹೆದರುವುದೇ?

ಅವರ ಬಗ್ಗೆ ಓದುತ್ತಾ ಹೋದಂತೆ ತಲೆ ಕೆಟ್ಟಿತು. ಈ ಕಿನ್ನರಿಯರಿಗೆ ಕಬ್ಬಿಣ ಕಂಡರಾಗದು. ಬಾಗಿಲಿಗೆ ಕುದುರೆಯ ಲಾಳ ಹೊಡೆದರೆ ಒಳಗೆ ಕಾಲಿಡರು. ಹೋಗಲಿ ಬಿಡಿ. ಮನೆಗೆಲಸ ಮಾಡುವ ಇನ್ನೊಂದು ಬಗೆಯವರಿದ್ದಾರೆ. ಒಂದು ಬಟ್ಟಲು ಕೆನೆಹಾಲು ಇಟ್ಟರೆ ಸಾಕು, ಯಾರ ಕಣ್ಣಿಗೂ ಬೀಳದೆ ಗುಡಿಸಿ, ತೊಳೆದು, ಗೋಧಿ ಬಡಿದು ಕೊಡುತ್ತಾರೆ. ಆದರೆ ಪ್ರೀತಿಯಿಂದ ಹೊಸ ಬಟ್ಟೆ ಹೊಲಿಸಿಕೊಟ್ಟಿರೋ, ಮನೆ ಬಿಟ್ಟೇ ಹೋಗುತ್ತಾರೆ! ಇದೆಂಥ ನಡತೆ? ನಮ್ಮಲ್ಲಿ ಹಬ್ಬಕ್ಕೆ ಸೀರೆ ಕೊಟ್ಟರೆ ಉಟ್ಟುಕೊಂಡು ಬಂದು ತೋರಿಸಿ, ಕಾಫಿ ಕುಡಿದು ಹೋಗುತ್ತಾರೆ.

ಶುಕ್ರವಾರ ನಾನು ಹೇಳಿದೆ, ಮಗಳು ಬರೆದಳು. ನನ್ನ ಕಥೆಯ ರೈತನ ಹೆಂಡತಿ ಬಟ್ಟೆ ಕೊಟ್ಟಳು. ಕಿನ್ನರಿ ತೊಟ್ಟುಕೊಂಡಳು, ಊಟಕ್ಕೂ ಕೂತಳು.

“ಅಮ್ಮಾ, ಇಟ್ಸ್ ರಾಂಗ್! ಶೀ ಹ್ಯಾಸ್ ಟು ಗೋ!”

“ಬಟ್ಟೆ ಕೊಟ್ಟದ್ದಕ್ಕೆ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ ಮಾರಾಯ್ತಿ?”

“ಫೇರೀಸ್ ಡೂ!”

ಪೇಪರಿನ ಹಿಂದಿನಿಂದ ಗಂಡನ ಅರೆ ಅರಬ್ಬಿ ದನಿ ಬಂತು: “ಯಲ್ಲಾ, ಕಳಿಸಿಬಿಡೇ ಅವಳನ್ನ, ಖಲಾಸ್. ಅವಳಿಗೆ ಬಡಿಸಿದ್ದು ಸಾಕು, ನಮಗೂ ಸ್ವಲ್ಪ ಬಡಿಸು.”

ಬಿ.ಎ. ಓದಿದ್ದಕ್ಕೆ ಈ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟು! ಆದರೆ ಮೈಕು ಬೇಕಲ್ಲ, ನಾನೇ ಸೋತೆ. “ಆಯ್ತು, ಕೊನೆ ತಿದ್ದಿ ಕಳಿಸಿಬಿಡು,” ಎಂದು ಅಡುಗೆಮನೆಗೆ ಹೋದೆ.

ಬಹುಮಾನ ಬರಲಿಲ್ಲ. ಕಿನ್ನರಿ ಹೋಗಬೇಕಿತ್ತು, ಹೋಗಿಲ್ಲ ಎಂದು ಟೀಚರ್ ಹೇಳಿದರಂತೆ. ಅಂದರೆ ಇವಳು ತಿದ್ದಿಯೇ ಇಲ್ಲ! ಮೈಕು ಮೈಕು ಎಂದು ವಾರವಿಡೀ ನನ್ನ ಪ್ರಾಣ ತಿಂದವಳು!

“ಕಳಿಸು ಅಂತ ಹೇಳಿದ್ದೆನಲ್ಲೇ!” ರೇಗಿದೆ.

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಏನೂ ತಿಳಿಯದವಳನ್ನು ನೋಡುವಂತೆ ನನ್ನನ್ನು ನೋಡಿ ಅಂದಳು:

“ಹೇಗೆ ಕಳ್ಸುದಮ್ಮಾ? ಊಟಕ್ಕೆ ಕೂತಿದ್ದಾಳಲ್ಲಾ.”