ಮೊಳೆ ಹೊಡೆಯಲಾಗದ ಮನೆ

ದೇವರ ಪಟ ತೂಗುಹಾಕೋಣವೆಂದು ಗೋಡೆಗೆ ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದೆ ನೋಡಿ, ಇಡೀ ಮನೆ ಠಣ್ ಎಂದಿತು. ಮೊಳೆ ಹಾರಿ ಸೋಫಾದಡಿಗೆ ಹೋಯಿತು. ಸ್ನಾನದ ಮನೆಯಿಂದ ನನ್ನ ಗಂಡ ಗುರು, "ಯಾವ್ ಪಾತ್ರೆ ಬೀಳಿಸ್ದೆ?" ಎಂದು ಕೂಗಿದರು.

"ಪಾತ್ರೆ ಅಲ್ಲ ರೀ, ಗೋಡೆ!"

ವಾಷಿಂಗ್ಟನ್ನಿಗೆ ಅಂಟಿಕೊಂಡಿರುವ ವರ್ಜೀನಿಯಾದ ಬಡಾವಣೆಯಲ್ಲಿ ನಾವು ಬಾಡಿಗೆಗೆ ಹಿಡಿದ ಈ ಮನೆ ಪೂರ್ತಿ ಉಕ್ಕಿನದು. ಗೋಡೆ, ಸೂರು, ಮೇಲಿನ ಹೆಂಚು, ಗೋಡೆಯೊಳಗೇ ಕೂಡಿಸಿದ ಬೀರು, ಎಲ್ಲಕ್ಕೂ ಎನಾಮಲ್ ಲೇಪ, ಅಜ್ಜಿಯರ ಕಾಲದ ಊಟದ ತಟ್ಟೆಗಳಿಗೆ ಇರುತ್ತಿತ್ತಲ್ಲ, ಅಂಥದ್ದು. ಎರಡನೇ ಮಹಾಯುದ್ಧ ಮುಗಿದು ಸೈನಿಕರೆಲ್ಲ ಒಟ್ಟಿಗೆ ಮರಳಿದಾಗ ಇಲ್ಲಿ ಮನೆಗಳು ಸಾಲಲಿಲ್ಲವಂತೆ. ಆಗ ಕಾರ್ಖಾನೆಯಲ್ಲಿ ಬಿಡಿ ಭಾಗಗಳನ್ನು ಮಾಡಿ, ಲಾರಿಯಲ್ಲಿ ತಂದು, ಬೋಲ್ಟು ಬಿಗಿದು ಮನೆ ನಿಲ್ಲಿಸಿದರು. ಪ್ರಿಫ್ಯಾಬ್ ಎನ್ನುತ್ತಾರೆ, ಅಂದರೆ ಮೊದಲೇ ತಯಾರಾಗಿ ಬರುವ ಮನೆ. ಒಂದೇ ಅಂತಸ್ತು, ತಗ್ಗು ಸೂರು, ಅಗಲವಾದ ಕಿಟಕಿ, ಹೊರಗೆ ತಿಳಿ ಹಸಿರಿನ ಚೌಕಗಳು. ನೋಡಲು ಚೆನ್ನಾಗಿದೆ, ಸುಳ್ಳು ಹೇಳಬಾರದು.

ಮನೆಯ ಯಜಮಾನಿ ಡೊರತಿ ಇಲ್ಲೇ ಹುಟ್ಟಿ ಬೆಳೆದು, ಈಗ ಪಕ್ಕದ ಬೀದಿಯಲ್ಲಿರುವ ಮುದುಕಿ. ಅಷ್ಟರಲ್ಲಿ ಬಂದವಳು ನನ್ನ ಕೈಯಲ್ಲಿ ಸುತ್ತಿಗೆ ಕಂಡು ಎದೆ ಹಿಡಿದುಕೊಂಡಳು. ಮರುದಿನ ಹಿಡಿ ತುಂಬ ಅಯಸ್ಕಾಂತ ತಂದುಕೊಟ್ಟಳು. ಅಂದಿನಿಂದ ನಮ್ಮ ಚಾಮುಂಡಮ್ಮ ಅಯಸ್ಕಾಂತದ ಬಲದಲ್ಲಿ ನಿಂತಿದ್ದಾಳೆ.

ಮೈಸೂರಿನಲ್ಲಿ ನಮ್ಮ ಗೋಡೆ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಕ್ಯಾಲೆಂಡರ್ ತೆಗೆದ ಜಾಗ, ತಲೆಯೊರಗಿಸಿದ ಎಣ್ಣೆ ಕಲೆ, ಒಗ್ಗರಣೆಯ ಮಸಿ. ಇಲ್ಲಿ ಅರಿಶಿನದ ಕೈಯಿಟ್ಟರೂ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ಚಳಿಗಾಲದಲ್ಲಿ ಹೀಟರಿನ ಕಾವು ಸೂರಿನಿಂದ ಇಳಿಯುತ್ತದೆ. ತಲೆ ಬಿಸಿ, ಪಾದ ಮಂಜು. ಎರಡೆರಡು ಕಾಲುಚೀಲ ಹಾಕಿಕೊಂಡು ಸಾರು ಕುದಿಸುತ್ತೇನೆ. ಉಕ್ಕಿನ ನಡುವೆ ಫೋನಿನ ಸಿಗ್ನಲ್ಲೂ ಸಾಯುತ್ತದೆ, ಅಡುಗೆಮನೆಯ ಕಿಟಕಿಗೆ ಅಂಟಿಕೊಂಡರೆ ಮಾತ್ರ ಅಮ್ಮ ಕೇಳಿಸುತ್ತಾಳೆ.

"ಅಮೆರಿಕಾಗ್ ಹೋಗಿ ತಗಡಿನ್ ಮನೇನಾ? ನಮ್ಮಲ್ಲಿ ಗಾರೆ ಕೆಲಸದೋರು ಹಾಕ್ಕೋತಾರಲ್ಲೇ ಅದನ್ನ!"

"ಅಮ್ಮ, ಇದನ್ನ ನೋಡೋಕೇಂತ ಜನ ಕ್ಯಾಮೆರಾ ಹಿಡ್ಕೊಂಡ್ ಬರ್ತಾರೆ."

"ಬರ್ಲಿ ಬಿಡು. ಸಿಡಿಲು ಹೊಡೆದ್ರೆ?"

ನನಗೆ ಸಿಡಿಲಿಗಿಂತ ಮನೆ ಬದಲಿಸುವುದೇ ಭಯ. ನಾನು ಗಣಿತದ ಟೀಚರು. ಶಾಲೆಯ ಕಾಂಟ್ರ್ಯಾಕ್ಟ್ ಮುಗಿದಾಗಲೆಲ್ಲ ಗಂಟು ಕಟ್ಟಿದ್ದೇನೆ. ಮೊದಲು ಅಟ್ಲಾಂಟಾ ಪಕ್ಕದ ಸುವಾನಿ, ಆಮೇಲೆ ಷಾರ್ಲೆಟ್. ಸುವಾನಿಯಲ್ಲಾದರೂ ಹುಳಿಪುಡಿ ಮುಗಿದರೆ ಕೆಳಗಿನ ಮನೆ ಆಂಟಿ ಇದ್ದರು. ಇಲ್ಲಿ ಬಾಗಿಲು ತಟ್ಟಿ ಕನ್ನಡ ಮಾತಾಡುವವರಿಲ್ಲ. ಆದರೂ ಈ ಶಾಲೆಯವರು ಇಲ್ಲೇ ಇರು ಎಂದಿದ್ದಾರೆ. ಮಗಳು ಇಂಚರಳಿಗೆ ಕೊನೆಗೂ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಇನ್ನೊಂದು ಸಲ ರಟ್ಟಿನ ಡಬ್ಬ ಕಟ್ಟುವ ಶಕ್ತಿ ನನಗಿರಲಿಲ್ಲ. ಈ ಮನೆಯಲ್ಲೇ ಇದ್ದುಬಿಡಬೇಕು, ಅಷ್ಟೇ ನನ್ನ ಆಸೆಯಾಗಿತ್ತು.

ಈ ವಸಂತದಲ್ಲಿ ಡೊರತಿ ಬಂದು ಕುರ್ಚಿಯಲ್ಲಿ ಕುಸಿದಳು. ಜಾಗ ಮಾರಿದ್ದಾಗಿತ್ತು. ಕೊಂಡವನಿಗೆ ನೆಲ ಸಾಕು, ಅಲ್ಲಿ ದೊಡ್ಡ ಬಂಗಲೆ ಎಬ್ಬಿಸುತ್ತಾನಂತೆ. ಮನೆ ಒಡೆಯುವುದನ್ನು ಕಣ್ಣಿಂದ ನೋಡಲಾರೆ, ಬಿಚ್ಚಿಕೊಂಡು ಹೋಗುವುದಾದರೆ ಪುಕ್ಕಟೆ ಕೊಡುತ್ತೇನೆ, ಕ್ಯಾರೊಲೈನಾದ ಒಂದು ದಂಪತಿ ಕೇಳುತ್ತಿದ್ದಾರೆ, ಆದರೆ ಮೊದಲು ನೀವು ಹೇಳಿ ಎಂದಳು.

ಮನೆಯೇನೋ ಸಿಕ್ಕಿತು, ಇಡುವುದೆಲ್ಲಿ? ಗುರು ವಾರಗಟ್ಟಲೆ ಜಾಗ ಹುಡುಕಿದರು. ನಮ್ಮ ಕೈಗೆಟಕುವ ಕಡೆ ನನ್ನ ಶಾಲೆಯಿಲ್ಲ, ಶಾಲೆಯ ಹತ್ತಿರ ಅಂಗೈಯಗಲ ನೆಲವೂ ನಮ್ಮ ಕೈಗೆಟಕುವುದಿಲ್ಲ. ವಿಷಯ ಕೇಳಿ ಮೈಸೂರಿನಿಂದ ತಮ್ಮ ರವಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಕಂಟೇನರ್‌ಗೆ ಹಾಕಿ ಕಳ್ಸೇ! ಇಲ್ಲಿ ನಿನ್ ಸೈಟು ಹುಲ್ಲು ಬೆಳ್ಕೊಂಡು ಖಾಲಿ ಬಿದ್ದಿದೆಯಲ್ಲ."

ನಾನೂ ನಕ್ಕೆ. ಆಮೇಲೆ ದೇವರಾಣೆಗೂ ಟೇಪು ತಂದು ಅಳೆಯತೊಡಗಿದೆ. ಇನ್ನೊಂದು ತುದಿ ಇಂಚರ ಹಿಡಿದಿದ್ದಳು. ಸೈಟಿಗೆ ಸರಿಯಾಗಿ ಕೂರುತ್ತಿತ್ತು!

"ಅಮ್ಮಾ, ಮನೆ ಮೈಸೂರ್‌ಗೆ ಹೋಗುತ್ತಾ? ದೆನ್, ನಾವು?"

"ನಾವೂ ಹೋಗೋಣ್ವಾ?"

"ನೋ! ಮೈ ಸ್ಕೂಲ್ ಈಸ್ ಹಿಯರ್."

ಅವಳು ಅಳುವ ಹಾಗಾದಳು. ಹೋಗುವುದಿಲ್ಲ ಪುಟ್ಟಾ ಎಂದೆ. ಹೇಳಿದ ಮೇಲೆ ತಿಳಿಯಿತು, ಅದು ನಿಜವೇ ಆಗಿತ್ತು. ಕಿಟಕಿಯ ಬಳಿ ನಿಂತು ಡೊರತಿಗೆ ಫೋನು ಮಾಡಿ, ಮನೆ ಕ್ಯಾರೊಲೈನಾದವರಿಗೇ ಕೊಡಿ ಎಂದೆ. ಫೋನಿಟ್ಟು ಅಲ್ಲೇ ಅತ್ತೆ.

ಗುರು ಬಂದು ಪಕ್ಕದಲ್ಲಿ ನಿಂತರು. "ಮನೆ ಹೋಯ್ತು ಅಂತ ಅಳ್ತಿದ್ಯಾ, ಊರಿಗೆ ಹೋಗಲ್ಲ ಅಂತ ಅಳ್ತಿದ್ಯಾ?"

"ಗೊತ್ತಿಲ್ಲ ರೀ," ಎಂದೆ. "ಸುಸ್ತಾಗಿದೆ."