ಸುಲೋಚನಮ್ಮ ನಿಜ ಹೇಳಿದ ಮಂಗಳವಾರ

ಗುಡುಗುಡು ಎಂದು ಒರಳುಕಲ್ಲು ತಿರುಗುವ ಸದ್ದು ಬುಕ್ಕಾಂಬುಧಿಯ ಆ ಬೀದಿಯಲ್ಲಿ ಈಗ ಒಂದೇ ಮನೆಯಿಂದ ಕೇಳುತ್ತದೆ. ಆ ಮನೆಯಲ್ಲಿ ಮಿಕ್ಸಿ ಇಲ್ಲವೆಂದಲ್ಲ, ಟವೆಲ್ ಹೊದ್ದು ಮೂಲೆಯಲ್ಲಿ ಕೂತಿದೆ. ಅದು ಅರಚಿದರೆ ಆರು ವರ್ಷದ ಮೊಮ್ಮಗಳು ನಯನ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಾಳೆ. ಅದಕ್ಕೇ ಸುಲೋಚನಮ್ಮ ಮೂರು ವರ್ಷದಿಂದ ಚಟ್ನಿಯನ್ನು ಒರಳಲ್ಲಿ ರುಬ್ಬುತ್ತಾರೆ. ಕೇಳಿದವರಿಗೆ ಮಾತ್ರ, "ಮಿಕ್ಸಿ ಚಟ್ನಿ ನಾಲಿಗೆಗೆ ಹತ್ತಲ್ಲ ಕಣೇ" ಎನ್ನುತ್ತಾರೆ.

ನಯನಳಿಗೆ ಆಟಿಸಂ. ಆ ಪದ ಸುಲೋಚನಮ್ಮನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಮಗು ಯಾಕೆ ಮಾತಾಡುವುದಿಲ್ಲ ಎಂದು ಯಾರಾದರೂ ಕೇಳುವ ಮೊದಲೇ, "ಬೆಳಿಗ್ಗೆಯಿಂದ ಹರಟಿ ಹರಟಿ ಗಂಟಲು ಕಟ್ಟಿದೆ" ಎನ್ನುವರು. ಮದುವೆಮನೆಯಲ್ಲಿ ಅವಳು ಗಿರಗಿರನೆ ಸುತ್ತತೊಡಗಿದರೆ, "ಡ್ಯಾನ್ಸ್ ಕ್ಲಾಸಿಗೆ ಹಾಕಿದೀವಿ." ವಾರಕ್ಕೆರಡು ದಿನ ತರೀಕೆರೆಗೆ ಮಾತಿನ ತರಬೇತಿಗೆ ಕರೆದೊಯ್ಯುವುದನ್ನು ಬಸ್ಸಿನಲ್ಲಿ "ಹಲ್ಲು ತೋರಿಸೋಕೆ" ಎಂದುಬಿಟ್ಟಿದ್ದಾರೆ. ಎರಡು ವರ್ಷದಿಂದ ತೋರಿಸಿದರೂ ಮುಗಿಯದಷ್ಟು ಹಲ್ಲು ಆ ಪುಟ್ಟ ಬಾಯಲ್ಲಿ ಹೇಗೆ ಹಿಡಿಸಿದವೆಂದು ಕಂಡಕ್ಟರ್ ಶಿವಮೂರ್ತಪ್ಪನಿಗೆ ಇಂದಿಗೂ ಸೋಜಿಗ.

ತರಬೇತಿಯ ಖರ್ಚನ್ನು ಕೊಡುತ್ತಿದ್ದುದು ಆರೋಗ್ಯ ವಿಮೆ. ಮಗ ದುಷ್ಯಂತ್ ಮೆಕ್ಯಾನಿಕ್ ಆಗಿರುವ ಕಡೂರಿನ ಟ್ರ್ಯಾಕ್ಟರ್ ಶೋರೂಮಿನವರು ಮಾಡಿಸಿದ್ದು. ಈ ವರ್ಷ ವಿಮೆ ಮುಂದುವರಿಸುವ ಮೊದಲು, ಮಗುವಿಗೆ ತರಬೇತಿ ಇನ್ನೂ ಬೇಕೋ ಬೇಡವೋ ನೋಡಿಬರಲು ವಿಮೆ ಕಂಪನಿಯವರು ಒಂದು ಮಂಗಳವಾರ ಹಾಲೇಶ್ ಎಂಬ ತರುಣನನ್ನು ಕಳಿಸಿದರು. ಅವನು ಬೇಡ ಎಂದು ಬರೆದರೆ ತರೀಕೆರೆ ನಿಂತಂತೆ.

"ಅತ್ತೆ, ಇದ್ದದ್ದು ಇದ್ದಂಗೆ ಹೇಳಿ" ಎಂದು ಸೊಸೆ ಯಶೋದಾ ನಾಲ್ಕು ಸಲ ಹೇಳಿದಳು.

"ನಾನೇನು ಸುಳ್ಳು ಹೇಳೋಳೇನೇ?" ಎಂದು ಸುಲೋಚನಮ್ಮ ಸಿಡುಕಿದರು.

ಹಾಲೇಶ್ ಕಾಫಿ ಕುಡಿದು ಫಾರಂ ತೆಗೆದ. "ಮಗು ಮಾತಾಡುತ್ತಾ ಅಮ್ಮಾ?"

"ಅಯ್ಯೋ, ಸಾಕು ನಿಲ್ಸೇ ತಾಯಿ ಅನ್ನಂಗೆ ಮಾತಾಡ್ತಾಳೆ!"

ಹಾಲೇಶ್ ಬರೆದುಕೊಂಡ. ಯಶೋದಾ ಕೆಮ್ಮಿದಳು.

"ಬೇರೆ ಮಕ್ಕಳ ಜೊತೆ ಸೇರ್ತಾಳಾ?"

"ಈ ಬೀದಿಗೆ ಅವ್ಳೇ ಲೀಡರ್ ಕಣಪ್ಪಾ."

ಯಶೋದಾ ಇನ್ನೂ ಜೋರಾಗಿ ಕೆಮ್ಮಿದಳು. "ಇವ್ಳಿಗೆ ನೆಗಡಿ" ಎಂದು ಸುಲೋಚನಮ್ಮ ವಿವರಿಸಿದರು.

"ಒಳ್ಳೇದಾಯ್ತು. ಹಂಗಾದ್ರೆ ತರಬೇತಿ ಬೇಡ ಅಂತ ಬರ್ಕೊಳ್ಲಾ?"

ಪೆನ್ನು ಕಾಗದದ ಮೇಲೆ ನಿಂತಿತು. ಕಿಟಕಿಯ ಬಳಿ ನಯನ ಡಬ್ಬಿಗಳ ಮುಚ್ಚಳಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಳು. ಸುಲೋಚನಮ್ಮ ಅವಳನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು.

"ಲೇ ತಮ್ಮಾ, ಬರ್ದಿದ್ದೆಲ್ಲ ಹೊಡ್ದಾಕು. ಅವ್ಳಿಗೆ ಆಟಿಸಂ ಕಣಪ್ಪಾ. ಮಾತು ಬರಲ್ಲ. ಹೋದ ವಾರ ಒಂದ್ಸಲ 'ನೀರು' ಅಂದ್ಲು. ಅದೊಂದು ಮಾತಿಗೆ ಎರಡು ವರ್ಷ ತರೀಕೆರೆಗೆ ಓಡಾಡಿದೀನಿ. ಎಲ್ಲಿ ಮನಸ್ಸು ಬದಲಾಯಿಸ್ಬಿಡ್ತಾಳೋ ಅಂತ ಒಂದು ಕೊಡ ನೀರು ತಂದು ಮುಂದೆ ಇಟ್ಟೆ."

"ಮತ್ತೆ ಆಗಿಂದ ಹೇಳಿದ್ದು?"

"ಅದು ನೆಂಟರಿಗೆ ಹೇಳೋದು. ನೀನು ಇಸ್ತ್ರಿ ಶರಟು ಹಾಕ್ಕೊಂಡು ಬಂದ್ಯಲ್ಲ, ಬಾಯಿಗೆ ಅದೇ ಬಂದ್ಬಿಡ್ತು."

ಹಾಲೇಶ್ ತಲೆ ಕೆರೆದುಕೊಂಡ. "ಫಾರಂನಲ್ಲಿ ಹೊಡ್ದಾಕಂಗಿಲ್ಲ ಅಮ್ಮಾ. ಮೇಲಿನವ್ರು ಕಾರಣ ಕೇಳ್ತಾರೆ."

"ಪಕ್ಕದಲ್ಲಿ ಬರಿ, 'ಅಜ್ಜಿ ಸುಳ್ಳು ಹೇಳಿದ್ಲು' ಅಂತ. ಸೈನ್ ನಾನು ಹಾಕ್ತೀನಿ."

ಅವನು ಬರೆದ. ಬೀದಿಗೆಲ್ಲ ಗೌರವಸ್ಥೆಯಾದ ಸುಲೋಚನಮ್ಮ ಕನ್ನಡಕ ಏರಿಸಿ, ಆ ಸಾಲನ್ನು ಎರಡು ಸಲ ಓದಿ, ಅದರ ಕೆಳಗೆ ಗಂಡನ ಹೆಸರನ್ನೂ ಸೇರಿಸಿ ದುಂಡಗೆ ಸಹಿ ಹಾಕಿದರು. ಗಡಿಯಾರ ನೋಡಿ ಗಡಬಡಿಸಿ ಎದ್ದರು.

"ಅಮ್ಮಾ, ಇನ್ನೂ ಆರು ಪ್ರಶ್ನೆ ಇವೆ. ಮಗು ರಾತ್ರಿ ಸರಿಯಾಗಿ..."

"ಹನ್ನೊಂದರ ಬಸ್ಸು ಹೋದ್ರೆ ಇವತ್ತಿನ ತರಬೇತಿ ಹೋಯ್ತು. ಸೊಸೆನ ಕೇಳಪ್ಪಾ, ಅವ್ಳಿಗೆ ಸುಳ್ಳು ಬರಲ್ಲ."

ಹಾಲೇಶ್ ಪ್ರಶ್ನೆಯನ್ನು ಮೊದಲಿನಿಂದ ಓದತೊಡಗಿದ. ಅಷ್ಟರಲ್ಲಿ ಸುಲೋಚನಮ್ಮ ನಯನಳ ಕೈ ಹಿಡಿದು ಕೆರೆ ಏರಿಯ ಬಸ್ ಸ್ಟಾಪಿನ ಕಡೆಗೆ ಬಿರಬಿರನೆ ನಡೆದಾಗಿತ್ತು.